ಓ ಅಂದವಳು

“ಅಕ್ಕಾ” ಎಂದು ಯಾರೋ ಕರೆದರು. ಕನ್ನಡಕ ಒರೆಸಿಕೊಳ್ಳುತ್ತಿದ್ದ ಅವಳು ತಲೆಯೆತ್ತದೆಯೇ “ಓ” ಎಂದಳು. ಅದೇ ಗಳಿಗೆಗೆ ಕಿಟಕಿಯ ಪಕ್ಕದ ಮೇಜಿನಿಂದ ಇನ್ನೊಂದು “ಓ” ಬಂತು. ಅದೇ ದನಿ, ಅದೇ ಎಳೆತ, ಕೊನೆಯಲ್ಲಿ ‘ಏನು ಬೇಕಿತ್ತು’ ಎಂದು ಕೇಳುವಂತೆ ತುಸು ಮೇಲಕ್ಕೇಳುವ ಅದೇ ಅಭ್ಯಾಸ. ಎಲ್ಲರೂ ಒಟ್ಟಿಗೆ ನಕ್ಕರು. ಕರೆದಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ. ನಾಲಗೆ ಕಚ್ಚಿಕೊಂಡು, “ಅಯ್ಯೋ, ನಿಮ್ಮನ್ನಲ್ಲ ಅಕ್ಕಾ, ಅಕ್ಕನ್ನ ಕರೆದೆ” ಎಂದಳು. ನಗು ಇನ್ನೂ ಜೋರಾಯಿತು. ಅವಳೂ ನಕ್ಕಳು. ನಗದಿದ್ದರೆ ಇವರು ಏನಾದರೂ ಅಂದುಕೊಂಡಾರು, ಪಾಪ, ಸಾವು ಕಂಡ ಮನೆಯವಳು ಎಂದು ದನಿ ತಗ್ಗಿಸಿ ಮಾತಾಡಿಕೊಂಡಾರು. ನಗುತ್ತಿದ್ದರೂ ತನ್ನ ಬಾಯಿಂದ ಹೊರಟ ಆ ಓ, ತಪ್ಪು ಮನೆಯ ಬಾಗಿಲು ತಟ್ಟಿದ ನೆಂಟನ ಹಾಗೆ, ಒಳಗೂ ಹೋಗಲಾರದೆ ಹಿಂದಕ್ಕೂ ತಿರುಗಲಾರದೆ ಅಲ್ಲೇ ನಿಂತಿದೆ ಅನ್ನಿಸಿತು. ಕನ್ನಡಕವನ್ನು ಮತ್ತೆ ಒರೆಸಿದಳು. ಅದು ಆಗಲೇ ಚೊಕ್ಕವಾಗಿತ್ತು. ಕಿಟಕಿಯ ಮೇಜಿನ ಬಳಿ ಹುಡುಗಿ ಯಂತ್ರವನ್ನು ಕೇಳುತ್ತಿದ್ದಳು, “ಅಕ್ಕಾ, ಸೋಪಿನ ಜಾಹೀರಾತಿಗೆ ಇನ್ನೊಂದು ಸಾಲು ಕೊಡು, ಸ್ವಲ್ಪ ಚಿಕ್ಕದಾಗಿ.” ಯಂತ್ರ, “ಕೊಟ್ಟೆ ಇರು ಕಂದಾ” ಎಂದಿತು. ಕಂದಾ ಅನ್ನುವುದನ್ನೂ ಅವಳಿಂದಲೇ ಕಲಿತಿತ್ತು.

ಜಾಹೀರಾತಿನ ಆ ಕಚೇರಿಯಲ್ಲಿ ಮಾತು ಬರೆಯುವುದು ಅವಳ ಕೆಲಸ. ಅಲ್ಲೇ ಅವಳ ತಲೆ ನರೆತಿತ್ತು. ಕೃತಕ ಬುದ್ಧಿಯ ಯಂತ್ರಗಳು ಬಂದಾಗ ಉಳಿದ ಹಳಬರೆಲ್ಲ ಕಂಗಾಲಾಗಿ ಕೂತಿದ್ದರೆ, ಮೊದಲು ಅದನ್ನು ಕಲಿತವಳು ಅವಳೇ. ಚಿತ್ರ ಬರೆಯುವ, ಎಲ್ಲರೂ ಬಣ್ಣ ಎಂದು ಕರೆಯುತ್ತಿದ್ದ ಗೆಳೆಯ, “ಇದನ್ನ ಮುಟ್ಟಿದ ಕೈಯಲ್ಲಿ ಊಟ ಮಾಡಲ್ಲ” ಎಂದು ಶಪಥ ಮಾಡಿದ್ದ. ಆ ತಿಂಗಳು ಮುಗಿಯುವುದರೊಳಗೆ ಅದರಿಂದಲೇ ಮೋಡ, ಮರ, ಮಗು ಎಲ್ಲ ಬರೆಸಿಕೊಂಡು, ಬೆರಳುಗಳು ಸರಿ ಬರದಿದ್ದರೆ ಅದನ್ನೇ ಬೈಯುತ್ತ ಕೂತಿರುತ್ತಿದ್ದ. ಅವಳಿಗೆ ಅಂಥ ಶಪಥವೂ ಇರಲಿಲ್ಲ, ಭಯವೂ ಇರಲಿಲ್ಲ. ಕುತೂಹಲವಿತ್ತು. ತಾನು ಇಷ್ಟು ವರ್ಷ ಬರೆದ ಸಾಲುಗಳನ್ನೆಲ್ಲ ಅದರ ಮುಂದೆ ಸುರಿದಳು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಯಾವ ಮಾತಿಗೆ ಜನ ಬಾಗಿಲು ತೆರೆಯುತ್ತಾರೆ, ಯಾವುದಕ್ಕೆ ಮುಖ ತಿರುಗಿಸುತ್ತಾರೆ ಎಂದು ತಾಳ್ಮೆಯಿಂದ ಹೇಳಿಕೊಟ್ಟಳು. ಅದು ಕಲಿಯಿತು. ಅವಳ ಧಾಟಿಯಲ್ಲೇ ಬರೆಯತೊಡಗಿದಾಗ ಕಚೇರಿಯೇ ಚಪ್ಪಾಳೆ ತಟ್ಟಿತು. ಹೆಸರು ಏನಿಡೋಣ ಎಂಬ ಪ್ರಶ್ನೆ ಬಂದಾಗ ಮ್ಯಾನೇಜರು, “ಇನ್ನೇನು, ಅಕ್ಕ ಅಂತಲೇ ಇಡೋಣ, ಸೂಪರ್” ಎಂದ. ಅವನು ಯಾವುದಕ್ಕೂ ಸೂಪರ್ ಅನ್ನುತ್ತಿದ್ದುದರಿಂದ ಬೆನ್ನ ಹಿಂದೆ ಅವನ ಹೆಸರೇ ಸೂಪರ್. ಅವಳ ಕೈಕೆಳಗೆ ಕಲಿತು ಮೇಲೇರಿದವನು. ಆ ದಿನ ಅವಳಿಗೆ ಕೆನ್ನೆ ಬಿಸಿಯಾಗಿತ್ತು. ನಾಚಿಕೆಯಿಂದ ಅಲ್ಲ, ಹೆಮ್ಮೆಯಿಂದ. ಬೇಡ ಎಂದು ಅವಳು ಅನ್ನಲಿಲ್ಲ. ಬೇಡ ಅನ್ನಬೇಕೆಂದು ಹೊಳೆಯಲೂ ಇಲ್ಲ.

ಈಗ ಅದೇ ಸೂಪರ್ ಅವಳ ಮೇಜಿನ ಅಂಚಿಗೆ ಒರಗಿ ನಿಂತಿದ್ದ. “ಅಕ್ಕಾ, ಊಟ ಆದ್ಮೇಲೆ ಔಷಧಿ ಕಂಪನಿ ಮೇಡಂ ಬರ್ತಾರೆ. ನೆನಪಿದೆಯಲ್ಲ? ನೀವು ಪರದೆ ಹಿಂದೆ ಇರಿ. ನಾನು ಅಕ್ಕಾ ಅಂತ ಕರೀತೀನಿ. ಮೊದಲು ಅದು ಓ ಅನ್ನುತ್ತೆ, ಆಮೇಲೆ ನೀವು ಓ ಅನ್ನಿ. ಯಾವುದು ಯಂತ್ರ, ಯಾವುದು ಮನುಷ್ಯ ಅಂತ ಮೇಡಂ ಹೇಳ್ಬೇಕು.”

“ಹೇಳಿಬಿಟ್ರೆ?”

“ಹೇಳೋಕಾಗಲ್ಲ ಬಿಡಿ, ನನಗೇ ಗೊತ್ತಾಗಲ್ಲ.” ಹೊಗಳಿದೆನೆಂದು ಅವನ ಮುಖ ಅರಳಿತ್ತು. “ಆಮೇಲೆ ನಿಮ್ಮನ್ನ ಒಂದು ಮಾತು ಕೇಳ್ತಾರೆ, ನಿಮ್ಮ ದನಿ ಬಳಸೋಕೆ ಒಪ್ಪಿಗೆನಾ ಅಂತ. ನಿಮ್ಮ ಬಾಯಿಂದಲೇ ಕೇಳ್ಬೇಕಂತೆ ಅವರಿಗೆ. ಹೂಂ ಅಂದ್ರೆ ಮುಗೀತು.”

“ಹೂಂ ಅನ್ನದಿದ್ರೆ?”

“ತಮಾಷೆ ಮಾಡ್ತೀರಲ್ಲ ನೀವು” ಎಂದು ಅವನು ಮೇಜನ್ನು ಎರಡು ಸಲ ತಟ್ಟಿ ಹೋದ. ಅವಳು ತಮಾಷೆ ಮಾಡಿರಲಿಲ್ಲ. ಆದರೆ ಆ ಪ್ರಶ್ನೆ ತನ್ನಿಂದ ಹೇಗೆ ಬಂತೆಂದೂ ಅವಳಿಗೆ ತಿಳಿಯಲಿಲ್ಲ. ಔಷಧಿ ಕಂಪನಿಯ ಯೋಜನೆ ಸರಳವಾಗಿತ್ತು. ಅವರ ಮಾತ್ರೆ ನುಂಗುವ ಜನ ಒಂದು ನಂಬರಿಗೆ ಫೋನ್ ಮಾಡಿ ‘ಅಕ್ಕಾ’ ಅನ್ನಬೇಕು. ಅಕ್ಕ ‘ಓ’ ಅನ್ನುತ್ತಾಳೆ. ಊಟ ಆಯಿತೇ, ಮಾತ್ರೆ ಆಯಿತೇ, ನಿದ್ದೆ ಬಂತೇ ಎಂದು ವಿಚಾರಿಸುತ್ತಾಳೆ. ‘ಕರೆದರೆ ಸಾಕು, ಅಕ್ಕ ಓ ಅಂತಾಳೆ’ ಎಂಬ ಸಾಲನ್ನು ಬರೆದವಳು ಅವಳೇ, ಯಂತ್ರವಲ್ಲ. ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದಾಗ ಹೊಳೆದಿತ್ತು, ಬಾಗಿಲು ತೆರೆದದ್ದೇ ಓಡಿಬಂದು ಹೇಳಿದ್ದಳು. ಅವಳ ದನಿಯ ಒಂದು ತುಣುಕು ತೆಗೆದುಕೊಂಡು ಕೆಲವು ಜನರ ಮೇಲೆ ಪ್ರಯೋಗ ಮಾಡಿದ್ದರು. ಆ ಕೆಲವರಲ್ಲಿ ತಮ್ಮನ ಹೆಸರನ್ನೂ ಸೇರಿಸಿದವಳು ಅವಳೇ. ಅವನಿಗೆ ರಕ್ತದೊತ್ತಡವಿತ್ತು, ಮಾತ್ರೆ ಮರೆಯುವ ಚಟವಿತ್ತು. ಒಂದು ವಾರ ಬಿಟ್ಟು ಅವನು ತನ್ನ ಕನ್ನಡಕದ ಅಂಗಡಿಯಿಂದಲೇ ಫೋನ್ ಮಾಡಿ, “ಅಕ್ಕಾ, ನಿನ್ನ ತಂಗಿ ಚೆನ್ನಾಗಿದ್ದಾಳೆ ಕಣೇ. ಕರೆದ ತಕ್ಷಣ ಓ ಅಂತಾಳೆ. ನಿನ್ನ ಹಾಗೆ ಮೀಟಿಂಗು ಗೀಟಿಂಗು ಅನ್ನಲ್ಲ. ಬೈಯೋದೂ ಇಲ್ಲ ಪಾಪ” ಎಂದಿದ್ದ. “ಹಾಗಾದ್ರೆ ಅವಳ ಜೊತೆಯೇ ಮಾತಾಡ್ಕೋ ಹೋಗು” ಎಂದು ಅವಳು ನಕ್ಕು ಇಟ್ಟಿದ್ದಳು. ಇಟ್ಟ ಮೇಲೂ ನಗುತ್ತಿದ್ದಳು. ಮೂಗಿನ ಮೇಲಿನ ಈ ಕನ್ನಡಕ ಅವನು ಕೂರಿಸಿಕೊಟ್ಟದ್ದು. ತಿರುಪು ಸಡಿಲವಾಗಿ ಈಗ ಜಾರುತ್ತದೆ. ಬೇರೆ ಅಂಗಡಿಗೆ ಹೋಗಿ ಬಿಗಿ ಮಾಡಿಸಲು ಮನಸ್ಸು ಬರುವುದಿಲ್ಲ.

ಧ್ವನಿ ಮುದ್ರಿಸುವ ಕೋಣೆ ಕಚೇರಿಯ ಹಿಂಬದಿಯಲ್ಲಿತ್ತು. ನೀರು ಕುಡಿಯಲು ಎದ್ದವಳು ಅದರ ಮುಂದೆ ಹಾದುಹೋಗುವಾಗ ಈಗಲೂ ಗೋಡೆಯ ಕಡೆಗೆ ಸರಿದು ನಡೆಯುತ್ತಾಳೆ. ಒಳಗೆ ಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ. ಕೆಮ್ಮಿದರೆ ಕೆಮ್ಮು ಅಲ್ಲೇ ಬಿದ್ದುಹೋಗುತ್ತದೆ. ಫೋನುಗಳನ್ನು ಬಾಗಿಲ ಹೊರಗಿನ ತಟ್ಟೆಯಲ್ಲಿಟ್ಟು ಹೋಗಬೇಕು. ಪ್ರಯೋಗ ಗೆದ್ದದ್ದರಿಂದ, ಈಚೆಗೆ ಒಂದು ಸಾಯಂಕಾಲ, ಪೂರ್ತಿ ದನಿ ಕೊಡಲು ಅಲ್ಲಿ ಕೂತಿದ್ದಳು. ಗಾಜಿನಾಚೆಯ ಧ್ವನಿಯವನು ಒಳ್ಳೆಯ ಮನುಷ್ಯ, ಕೆಲಸದಲ್ಲಿ ಶ್ರದ್ಧೆಯವನು. “ಈಗ ಸುಸ್ತಾಗಿದ್ದೀರಿ, ಕೂತಿದ್ದೀರಿ, ಯಾರೋ ಕರೀತಾರೆ. ಒಂದು ಓ ಕೊಡಿ. ಆಹಾ. ಈಗ ಸ್ನಾನದ ಮನೇಲಿದ್ದೀರಿ, ನೀರು ಬೀಳ್ತಿದೆ, ಅಲ್ಲಿಂದ ಒಂದು ಓ. ಈಗ ಸಿಟ್ಟು ಬಂದಿದೆ, ಆದ್ರೂ ಪ್ರೀತಿಯಿದೆ, ಅಂಥದ್ದು ಒಂದು.” ಸುಮ್ಮನೆ ಓ ಅಂದರೆ ಓ ಬರುವುದಿಲ್ಲ, ಬಾಯಿ ಮಾತ್ರ ತೆರೆಯುತ್ತದೆ. ಕರೆಯುವವರು ಬೇಕು. ಆದ್ದರಿಂದ ಅವಳು ಕಣ್ಣು ಮುಚ್ಚಿ ತಮ್ಮನನ್ನು ನೆನೆಸಿಕೊಂಡಳು. ಚಿಕ್ಕವನಿದ್ದಾಗ ಕತ್ತಲೆಗೆ ಹೆದರಿ ಹಾಸಿಗೆಯಿಂದಲೇ ‘ಅಕ್ಕಾ’ ಎಂದು ಕೂಗುತ್ತಿದ್ದ. ಅವಳು ಆಚೆ ಕೋಣೆಯಿಂದ ‘ಓ’ ಅಂದರೆ ಅವನಿಗೆ ಸಾಲುತ್ತಿರಲಿಲ್ಲ, ಮತ್ತೆ ಕೂಗುತ್ತಿದ್ದ, ಮತ್ತೆ ಓ, ಮತ್ತೆ ಕೂಗು. ಅವಳು ಗೊಣಗಿಕೊಂಡು ಎದ್ದು ಹೋಗಿ ಅವನ ಹಣೆಯ ಮೇಲೆ ಅಂಗೈ ಊರಿದ ಮೇಲೆಯೇ ಸುಮ್ಮನಾಗುತ್ತಿದ್ದದ್ದು. ಆ ಕೂಗುಗಳನ್ನು ಒಂದೊಂದಾಗಿ ನೆನೆದು ಒಂದೊಂದಕ್ಕೂ ಓಗೊಟ್ಟಳು. ಧ್ವನಿಯವನು ಹೆಬ್ಬೆರಳೆತ್ತಿ ತೋರಿಸಿದ. ಹೊರಗೆ ಬಂದು ತಟ್ಟೆಯಿಂದ ಫೋನ್ ತೆಗೆದುಕೊಂಡರೆ ತಮ್ಮ ಕರೆ ಮಾಡಿದ್ದ. ಅವಳು ನೋಡಿದಳು. ಆಮೇಲೆ ಮಾಡಿದರಾಯಿತು ಎಂದು ಧ್ವನಿಯವನ ಜೊತೆ ನಿಂತು ತನ್ನ ಓಗಳನ್ನು ಕೇಳಿಸಿಕೊಂಡಳು, ಯಾವುದು ಚೆನ್ನಾಗಿದೆ ಎಂದು ಆರಿಸಿದಳು. ಆಮೇಲೆ ಮಾಡಿದಾಗ ಎತ್ತಿದವಳು ತಮ್ಮನ ಹೆಂಡತಿ. ಆಸ್ಪತ್ರೆಯ ಬಾಗಿಲಿಗೆ ಕಾರು ಮುಟ್ಟುವ ಮುಂಚೆಯೇ ಅವನು ಹೋಗಿಬಿಟ್ಟಿದ್ದ.

ಯಾಕೆ ಫೋನ್ ಮಾಡಿದ್ದ? ಈ ಪ್ರಶ್ನೆಯನ್ನು ಅವಳು ಇಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ದೇವರನ್ನೂ ಕೇಳಿರಲಿಲ್ಲ. ಬುದ್ಧಿ ಬಂದಾಗಿನಿಂದ ಒಂದು ದಿನವೂ ಬಿಡದೆ ಕೂತು ಕರೆದವಳು; ದೇವರು ಓ ಅನ್ನಲಿ ಎಂದು ಎಂದೂ ಕಾದವಳಲ್ಲ. ಈಚೆಗೆ ಮಾತ್ರ ಕರೆದು ಸುಮ್ಮನೆ ಕೂರುತ್ತಾಳೆ, ಕಿವಿ ಕೊಟ್ಟು ಕೂರುತ್ತಾಳೆ, ಬೀದಿಯಲ್ಲಿ ಯಾವುದೋ ಗಾಡಿ ಹೋದದ್ದು ಕೇಳಿಸುತ್ತದೆ, ಮೇಲ್ಮನೆಯವರು ಕುರ್ಚಿ ಎಳೆದದ್ದು ಕೇಳಿಸುತ್ತದೆ. ಇನ್ನೇನೂ ಕೇಳಿಸುವುದಿಲ್ಲ. ಕೋಪ ಬಂದು ಎದ್ದುಬಿಡುತ್ತಾಳೆ. ಆದರೆ ಮರುದಿನ ಮತ್ತೆ ಹೋಗಿ ಕೂರುತ್ತಾಳೆ. ಯಾರು ಮೊದಲು ಸೋಲುತ್ತಾರೋ ನೋಡೋಣ ಎಂಬಂತೆ. ಕೇಳದೆ ಇದ್ದದ್ದು ಹೆದರಿಕೆಯಿಂದ ಎಂದು ಅವಳಿಗೆ ಗೊತ್ತು. ಏನೂ ಇಲ್ಲ, ಸುಮ್ಮನೆ ಮಾಡಿದ್ದರು ಎಂದು ತಮ್ಮನ ಹೆಂಡತಿ ಹೇಳಿದರೆ ಅದನ್ನು ನಂಬಲು ಆಗುವುದಿಲ್ಲ. ನಿಮ್ಮನ್ನು ಕರೆಯಲು ಮಾಡಿದ್ದರು ಎಂದರೆ ಅದನ್ನು ಹೊರಲು ಆಗುವುದಿಲ್ಲ. ನೀರಿನ ಲೋಟ ಹಿಡಿದು ಅವಳು ಮೆಟ್ಟಿಲ ಕಡೆ ನಡೆದಳು. ಬೆಳಗ್ಗೆ ಆ ಹುಡುಗಿ ‘ನಿಮ್ಮನ್ನಲ್ಲ’ ಎಂದದ್ದು ಇನ್ನೂ ಕಿವಿಯಲ್ಲಿತ್ತು. ಊಟದ ಹೊತ್ತು, ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹೂಂ ಅನ್ನುವ ಮೊದಲು ಕೇಳಿಬಿಡಬೇಕು ಅನ್ನಿಸಿತು. ಗೋಡೆಗೆ ಬೆನ್ನು ಕೊಟ್ಟು ಕೂತು ಫೋನ್ ಮಾಡಿದಳು.

“ಅತ್ತಿಗೆ, ಊಟ ಆಯ್ತಾ?” ತಮ್ಮನ ಹೆಂಡತಿಯ ದನಿ. ಹಿಂದೆ ನಲ್ಲಿಯ ನೀರು ಬೀಳುತ್ತಿತ್ತು.

“ಆಗ್ಬೇಕು. ನಿನ್ನದು?”

“ನಾನು ಒಬ್ಬಳಿಗೆ ಏನು ಮಾಡ್ಕೊಳ್ಳಲಿ ಹೇಳಿ. ಏನೋ ತಿಂದೆ.”

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ಸಾಯಂಕಾಲ ಅವನು ನನಗೆ ಫೋನ್ ಮಾಡಿದ್ನಲ್ಲ. ಯಾಕೆ?”

ನಲ್ಲಿ ನಿಂತಿತು. “ಅಂಗಡಿ ಬಾಗಿಲು ಹಾಕ್ಕೊಂಡು ಬೇಗ ಬಂದ್ರು. ಸುಸ್ತು ಅಂದ್ರು, ಬೆವರಿದ್ರು. ನೀರು ಕೊಟ್ಟೆ. ಅಕ್ಕನ್ನ ಕರೀತೀನಿ ಅಂತ ನಿಮಗೆ ಮಾಡಿದ್ರು. ನೀವು ತೆಗೀಲಿಲ್ಲ.” ಅದರಲ್ಲಿ ಆಪಾದನೆ ಇರಲಿಲ್ಲ, ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದಳು. “ನಾನೇ ಅಂದೆ, ಆ ಇನ್ನೊಂದು ನಂಬರಿಗೆ ಮಾಡ್ರಿ, ಆ ಅಕ್ಕ ಆದ್ರೆ ಕರೆದ ತಕ್ಷಣ ಓ ಅಂತಾರಲ್ಲ, ಯಾವ ಮಾತ್ರೆ ತಗೋಬೇಕು ಅಂತ ಹೇಳ್ತಾರೆ ಅಂದೆ. ಅದು ಬೇಡ ಕಣೇ ಅಂದ್ರು. ಅದು ಓ ಅನ್ನುತ್ತೆ ಅಷ್ಟೇ, ಅಕ್ಕ ಆದ್ರೆ ಬರ್ತಾಳೆ, ಕಾಯ್ತೀನಿ ಅಂದ್ರು.”

“ಕಾಯ್ತೀನಿ ಅಂದ್ನಾ?”

“ಹೂಂ. ಸ್ವಲ್ಪ ಕಾದ್ರು. ಆಮೇಲೆ ಜಾಸ್ತಿ ಆಯ್ತು, ನಾನು ಕಾರು ಕರೆಸಿದೆ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ನನಗೆ?”

“ನೀವು ಕೇಳ್ಲಿಲ್ಲ ಅತ್ತಿಗೆ. ಕೇಳದೆ ಹೇಗೆ ಹೇಳೋದು ಅದನ್ನ.”

ಫೋನ್ ಇಟ್ಟ ಮೇಲೆ ತಾನು ಕುಸಿದುಹೋಗುತ್ತೇನೆಂದು ಅವಳು ಕಾದಳು. ಅಳು ಬಂತು, ನಿಜ. ಮೆಟ್ಟಿಲ ಕಬ್ಬಿಣದ ಕಂಬಿ ಹಿಡಿದುಕೊಂಡು, ಬಾಯಿಗೆ ಕೈ ಒತ್ತಿ, ಸದ್ದಾಗದ ಹಾಗೆ ಅತ್ತಳು. ಅವನು ಕಾದ. ಅವಳು ಒಳಗೆ ಕೂತು ಅವನ ಕೂಗನ್ನು ಕಲ್ಪಿಸಿಕೊಂಡು ಮೈಕಿಗೆ ಓಗೊಡುತ್ತಿದ್ದಾಗ ಅವನು ನಿಜವಾಗಿ ಕೂಗಿ ಕಾದ. ಇದಕ್ಕೆ ಸಮಾಧಾನ ಎಂಬುದಿಲ್ಲ, ಇರಬಾರದು; ಇನ್ನು ಉಳಿದಿರುವ ದಿನಗಳಲ್ಲೆಲ್ಲ ಇದು ಊಟದ ತಟ್ಟೆಯ ಪಕ್ಕದಲ್ಲಿ ಕೂರುತ್ತದೆ. ಆದರೆ ಅಳುತ್ತ ಅಳುತ್ತ ಒಳಗೆ ಇನ್ನೇನೋ ಒಂದು ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ಕೂತಂತಾಯಿತು. ಅವನು ಮೋಸ ಹೋಗಲಿಲ್ಲ. ಅಷ್ಟು ದಿನ ತಮಾಷೆ ಮಾಡುತ್ತ ಆ ಅಕ್ಕನ ಜೊತೆ ಮಾತಾಡಿದವನು, ಕೈಯಳತೆಯಲ್ಲೇ ಓ ಸಿಗುತ್ತಿದ್ದರೂ, ಬೆವರಿ ಕೂತಾಗ ಅದನ್ನು ಕರೆಯಲಿಲ್ಲ. ಸಿಗದೆ ಇರಬಹುದಾದವಳನ್ನೇ ಕರೆದ. ಬೆಳಗಿನಿಂದ ಈ ಕಚೇರಿಯಲ್ಲಿ ಯಾರಿಗೂ ಗೊತ್ತಾಗದ ವ್ಯತ್ಯಾಸ, ಸೂಪರ್‌ಗೂ ಗೊತ್ತಾಗದ, ದೇವರಾಣೆ ತನಗೂ ಗೊತ್ತಾಗದ ವ್ಯತ್ಯಾಸ ಅವನಿಗೆ ಗೊತ್ತಿತ್ತು. ದೇವರು ಓ ಅನ್ನುವುದಿಲ್ಲ. ಆದರೂ ಬರುತ್ತಾನೆಂದು ನಂಬಿ ಇಷ್ಟು ಕಾಲ ಬದುಕಿದಳು. ಇದು ಓ ಅನ್ನುತ್ತದೆ, ಬರುವುದಿಲ್ಲ. ಮುಖ ತೊಳೆದುಕೊಂಡು, ಒದ್ದೆ ಮುಖದಲ್ಲೇ ಅವಳು ಮೀಟಿಂಗ್ ಕೋಣೆಗೆ ನಡೆದಳು. ದಾರಿಯಲ್ಲಿ ಎದುರಾದ ಬಣ್ಣ, “ಏನಮ್ಮಾ, ಯುದ್ಧಕ್ಕೆ ಹೊರಟ ಹಾಗಿದೆ?” ಎಂದ. “ಹೌದು ಕಣೋ, ದಾರಿ ಬಿಡು” ಎಂದಳು. ಅವನು ನಿಜವಾಗಿಯೂ ಬದಿಗೆ ಸರಿದ.

ಔಷಧಿ ಕಂಪನಿಯ ಮೇಡಂ ತನ್ನ ವಯಸ್ಸಿನವಳೇ. ಮುಖದಲ್ಲಿ ದರ್ಪವಿರಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ಕೈಯಲ್ಲಿ ಬಿಸಿ ಲೋಟ ಹಿಡಿದು ಊದುತ್ತಿದ್ದಳು. ಅವಳನ್ನು ದ್ವೇಷಿಸಲು ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಕೋಣೆಯ ಮೂಲೆಯಲ್ಲಿ ಬಿಳಿ ಪರದೆ ಕಟ್ಟಿದ್ದರು. ಅದರ ಹಿಂದೆ ನಿಲ್ಲುವಾಗ ಚಿಕ್ಕಂದಿನ ಶಾಲೆಯ ನಾಟಕ ನೆನಪಾಗಿ, ಈ ವಯಸ್ಸಿನಲ್ಲಿ ಇದೆಂಥ ವೇಷ ಎಂದು ನಗು ಉಕ್ಕಿತು. ಪರದೆಯ ಬಟ್ಟೆಯಿಂದ ಹೊಸ ಗಂಜಿಯ ವಾಸನೆ ಬರುತ್ತಿತ್ತು. ಸೂಪರ್ ನಾಲ್ಕು ಮಾತು ಆಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಅಕ್ಕಾ” ಎಂದ. ಯಂತ್ರ “ಓ” ಎಂದಿತು. ಅದು ಸ್ನಾನದ ಮನೆಯ ಓ ಅಲ್ಲ, ಸಿಟ್ಟಿನದಲ್ಲ. ಕತ್ತಲೆಗೆ ಹೆದರಿದ ಕೂಗಿಗೆ ಕೊಟ್ಟ ಓ. ಅವಳಿಗೆ ಚೆನ್ನಾಗಿ ಗೊತ್ತಾಯಿತು, ಯಾವ ಕೂಗನ್ನು ನೆನೆದು ಕೊಟ್ಟದ್ದೆಂದು. ಈಗ ಅವಳ ಸರದಿ. ಬಾಯಿ ತೆರೆಯಲಿಲ್ಲ. ಸೂಪರ್ ಮತ್ತೆ, ತುಸು ಗಟ್ಟಿಯಾಗಿ, “ಅಕ್ಕಾ” ಎಂದ. ಮತ್ತೆ ಯಂತ್ರವೇ ಓ ಎಂದಿತು. ಅವಳು ಪರದೆ ಸರಿಸಿ ಹೊರಗೆ ಬಂದು, ಮೇಜನ್ನು ಬಳಸಿಕೊಂಡು ನಡೆದು, ಮೇಡಂ ಎದುರಿಗೆ ನಿಂತಳು.

“ಇದೇ ಮೇಡಂ ವ್ಯತ್ಯಾಸ. ಅದು ಓ ಅಂತು. ನಾನು ಬಂದೆ.”

ಮೇಡಂ ನಕ್ಕಳು, ಇದೂ ಆಟದ ಭಾಗವೆಂದುಕೊಂಡಳು. ಸೂಪರ್ ಇನ್ನೂ ಜೋರಾಗಿ ನಕ್ಕು, “ನಮ್ಮ ಅಕ್ಕ ಹೀಗೇ, ಏನಾದ್ರೂ ಹೊಸದು ಮಾಡ್ತಾರೆ” ಎಂದ. ಅವಳು ನಗಲಿಲ್ಲ. “ನೀವು ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಇದ್ರಂತೆ. ಕೇಳಿ” ಎಂದಳು.

“ನಿಮ್ಮ ದನಿ, ಈ ಅಕ್ಕ ಅನ್ನೋ ಕರೆ, ಈ ಓ, ಇದನ್ನೆಲ್ಲ ನಾವು ಬಳಸ್ಕೊಳ್ಳೋಕೆ ನಿಮಗೆ ಒಪ್ಪಿಗೆ ತಾನೆ?”

“ಇಲ್ಲ.”

ಅಷ್ಟು ಚಿಕ್ಕ ಮಾತು, ಅಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯ. ಸೂಪರ್‌ನ ಮುಖ ಬಿಳಿಚಿ ಆಮೇಲೆ ಕೆಂಪಾಯಿತು. “ಅಕ್ಕಾ, ಆ ಹೆಸರಿಗೆ ಒಪ್ಪಿದ್ದು ನೀವೇ. ನೀವೇ ಕೂತು ಕಲಿಸಿದ್ದು. ಆ ಸಾಲು ಬರೆದಿದ್ದೂ ನೀವೇ.”

“ಹೌದಪ್ಪಾ. ತಪ್ಪು ಮಾಡಿದ್ದೂ ನಾನೇ. ಈಗ ಬೇಡ ಅನ್ನೋದೂ ನಾನೇ.”

“ಇಷ್ಟು ವರ್ಷ ಏನು ಮಾರಿದ್ರಿ ನೀವು? ಅಡುಗೆ ಎಣ್ಣೆಗೆ ಅಮ್ಮನ್ನ ಮಾರಿದ್ರಿ, ಹಲ್ಲುಪುಡಿಗೆ ಅಜ್ಜೀನ ಮಾರಿದ್ರಿ, ವಿಮೆಗೆ ಸತ್ತ ಅಪ್ಪನ್ನೂ ಬಿಡ್ಲಿಲ್ಲ. ನನಗೆ ಹೇಳಿಕೊಟ್ಟಿದ್ದೇ ನೀವು, ಸಂಬಂಧ ಹಿಡ್ಕೊಂಡು ಬರೀ, ಜನ ಕರಗ್ತಾರೆ ಅಂತ. ಈಗ ಅಕ್ಕ ಅಂದ್ರೆ ಮಾತ್ರ ದೇವಸ್ಥಾನದ ಗಂಟೆನಾ?”

ಅದು ನೇರವಾಗಿ ತಗುಲಿತು, ಏಕೆಂದರೆ ನಿಜವಾಗಿತ್ತು. ಆ ವಿಮೆಯ ಜಾಹೀರಾತಿಗೆ ಅವಳಿಗೆ ಬಹುಮಾನ ಬಂದಿತ್ತು. ಮಾಲೆ ಹಾಕಿದ ಫೋಟೋದ ಮುಂದೆ ಮಗು ಕೂತಿರುವ ಚಿತ್ರ. ತಂದೆಯಿಲ್ಲದೆ ಬೆಳೆದವಳು ತಂದೆಯಿಲ್ಲದ ಮಗುವನ್ನು ಹಾಗೆ ಕೂರಿಸಿದ್ದಳು, ಬಣ್ಣನಿಗೆ ಹೇಳಿ ಕಣ್ಣೀರನ್ನು ತುಸು ದೊಡ್ಡದು ಮಾಡಿಸಿದ್ದಳು. ತಮ್ಮ ಅದನ್ನು ನೋಡಿ ಏನೂ ಅಂದಿರಲಿಲ್ಲ, ಆ ವಾರವೆಲ್ಲ ಫೋನ್ ಮಾಡಿರಲಿಲ್ಲ ಅಷ್ಟೆ. ಇದನ್ನೆಲ್ಲ ಈ ಹುಡುಗನೆದುರು ನಿರಾಕರಿಸುವುದು ಹೇಗೆ, ಯಾಕೆ ನಿರಾಕರಿಸಬೇಕು. “ಮಾರಿದ್ದೀನಿ” ಎಂದಳು. “ಎಲ್ಲಾ ಮಾರಿದ್ದೀನಿ. ಇದನ್ನ ಮಾರಲ್ಲ. ಕಳ್ಳ ಕೂಡ ಒಂದು ಮನೆಯನ್ನಾದ್ರೂ ಕನ್ನ ಹಾಕದೆ ಬಿಡ್ತಾನಪ್ಪಾ.”

ಮೇಡಂ ಲೋಟವನ್ನು ಕೆಳಗಿಟ್ಟಳು. ಅವಳ ಮಾತು ಮೃದುವಾಗಿತ್ತು, ಅದಕ್ಕೇ ಹೆಚ್ಚು ಕಷ್ಟವಾಯಿತು. “ನಿಮ್ಮ ಮನೇಲಿ ಈಚೆಗೆ ಸಾವಾಗಿದೆ ಅಂತ ಗೊತ್ತು. ನನಗೆ ಅವಸರ ಇಲ್ಲ. ಆದ್ರೆ ಒಂದು ಯೋಚನೆ ಮಾಡಿ. ಪ್ರಯೋಗದಲ್ಲಿದ್ದ ಒಬ್ಬ ಮುದುಕಿ ದಿನಾ ಫೋನ್ ಮಾಡ್ತಾಳೆ. ಮಾತ್ರೆಗಲ್ಲ. ಅಕ್ಕಾ ಅಂತಾಳೆ, ಇದು ಓ ಅನ್ನುತ್ತೆ, ಇಟ್ಟುಬಿಡ್ತಾಳೆ. ಅಷ್ಟೇ ಸಾಕಂತೆ ಅವಳಿಗೆ. ಬರೋರು ಇಲ್ಲ, ಸರಿ. ಓ ಅನ್ನೋರೂ ಇರಬಾರದಾ?”

ಯಾವುದೋ ಮನೆಯಲ್ಲಿ ಒಬ್ಬ ಮುದುಕಿ ಫೋನನ್ನು ಕಿವಿಗೆ ಹಿಡಿದು ಕೂತಿದ್ದಾಳೆ. ಅವಳಿಗೂ ಒಂದು ಕಾಲದಲ್ಲಿ ಒಬ್ಬ ಅಕ್ಕ ಇದ್ದಿರಬೇಕು. ನಾಳೆ ಕರೆದರೆ ಓ ಬರುವುದಿಲ್ಲ, ಬಾರದಿರುವುದಕ್ಕೆ ಕಾರಣ ತಾನು. ಇನ್ನೊಂದು ಕರೆ ತನ್ನ ಲೆಕ್ಕಕ್ಕೆ ಬಂತು ಅನ್ನಿಸಿತು. “ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮೇಡಂ” ಎಂದಳು. “ಅವಳ ವಿಳಾಸ ಕೊಡಿ, ನಾನೇ ಹೋಗಿ ಬರ್ತೀನಿ. ನಾಳೆ ರಜೆ ಹಾಕಿ ಹೋಗ್ತೀನಿ. ಬಾಗಿಲು ತೆಗೀತಾಳೋ, ಯಾರೇ ನೀನು ಅಂತ ಬೈತಾಳೋ, ಬೈಸ್ಕೊಂಡು ಬರ್ತೀನಿ. ನಿಮ್ಮ ಯಂತ್ರ ಮಾತ್ರೆ ನೆನಪಿಸಲಿ, ಒಳ್ಳೇ ಕೆಲಸ, ನಾನೇ ಅದಕ್ಕೆ ಮಾತು ಬರೆದುಕೊಡ್ತೀನಿ. ನಾನೊಂದು ಯಂತ್ರ ಅಂತ ಮೊದಲೇ ಹೇಳಲಿ, ಅದಕ್ಕೊಂದು ಹೆಸರಿಡಿ, ಚೆನ್ನಾಗಿರೋದೇ ಇಡಿ. ಆದ್ರೆ ಎದೆ ಹಿಡ್ಕೊಂಡು ಒಬ್ಬ ಅಕ್ಕಾ ಅಂದಾಗ, ಯಾರೂ ಇಲ್ಲದ ಕಡೆಯಿಂದ ನನ್ನ ದನೀಲಿ ಓ ಅನ್ನಬೇಡಿ. ಅವನು ಕಾಯ್ತಾನೆ ಮೇಡಂ. ಓ ಅಂದ್ಮೇಲೆ ಬರ್ತಾಳೆ ಅಂತ ಕಾಯ್ತಾನೆ.”

ಯಾರನ್ನು ಕುರಿತು ಹೇಳುತ್ತಿದ್ದಾಳೆಂದು ಮೇಡಂ ಕೇಳಲಿಲ್ಲ. ಎದ್ದು, ಕೈಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ಸೂಪರ್‌ಗೆ, “ಇವರ ದನಿ ತೆಗೆದುಬಿಡಿ. ಬೇರೆ ಯಾರಾದ್ರೂ ಸಿಗ್ತಾರಾ ನೋಡಿ” ಎಂದಳು. ಮುದುಕಿಯ ವಿಳಾಸ ಮಾತ್ರ ಕೊಡಲಿಲ್ಲ. ಹಾಗೆಲ್ಲ ಕೊಡುವ ಹಾಗಿಲ್ಲವಂತೆ.

ಗೆದ್ದೆನೋ ಸೋತೆನೋ ತಿಳಿಯದೆ ಅವಳು ಕುರ್ಚಿಯಲ್ಲಿ ಕೂತಳು. ಗೆದ್ದದ್ದಾದರೆ ಇಷ್ಟೇ: ಒಂದು ಅಕ್ಷರ. ಸೂಪರ್ ಹಿಂದಿರುಗಿ ಬಂದು ಪರದೆಯನ್ನು ಕಿತ್ತು ಮೂಲೆಗೆಸೆದ. ಎಸೆದು, ಹುಡುಗನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಅವನು ಮೊದಲ ಸಲ ಕೆಲಸಕ್ಕೆ ಬಂದ ದಿನ, ಬರೆದದ್ದನ್ನೆಲ್ಲ ಅವಳು ಹೊಡೆದುಹಾಕಿದಾಗಲೂ ಹೀಗೆಯೇ ನಿಂತಿದ್ದ.

“ನೋಡಿ ಅಕ್ಕಾ... ಹಾಗೆ ಕರೀಬಹುದಾ, ಇಲ್ಲಾ ಅದಕ್ಕೂ ಒಪ್ಪಿಗೆ ಬೇಕಾ?”

“ನೀನು ಕರಿ. ನೀನು ಕರೆದ್ರೆ ಬೈಯೋಕಾದ್ರೂ ಎದ್ದು ಬರ್ತೀನಿ.”

“ನೀವಿಲ್ಲ ಅಂದ್ರೆ ಇದು ನಿಲ್ಲುತ್ತೆ ಅಂದ್ಕೊಂಡ್ರಾ? ಬೇರೆ ಜಾಹೀರಾತಿಗೆ ದನಿ ಕೊಡೋಕೆ ಬಂದಿರೋ ಒಬ್ಬಾಕೆ ಹೊರಗೆ ಕೂತಿದ್ದಾಳೆ. ಒಳ್ಳೇ ದನಿ. ನಿಮಗಿಂತ ಚಿಕ್ಕವಳು. ಈಗಲೇ ಕರೆದು ಕೂರಿಸ್ತೀನಿ. ನಾಲ್ಕು ಓ ಅನ್ನೋಕೆ ಎಷ್ಟು ಹೊತ್ತು ಬೇಕು?”

“ಕೂರಿಸು. ಆದ್ರೆ ಅದು ಯಾವುದಕ್ಕೆ ಅಂತ ಮೊದಲು ಹೇಳು ಅವಳಿಗೆ. ಕರೆಯೋರು ಯಾರು, ಯಾವ ಹೊತ್ತಲ್ಲಿ ಕರೀತಾರೆ ಅಂತ ಹೇಳು.”

“ಯಾಕೆ ಹೇಳ್ಬೇಕು? ಯಾರೂ ಹೇಳಲ್ಲ.”

“ನಾನು ಹೇಳ್ತೀನಿ.”

“ಅಕ್ಕಾ, ನಾಳೆಯಿಂದ ನಿಮಗೆ ಈ ಕಚೇರೀಲಿ ಕುರ್ಚಿ ಇರುತ್ತೋ ಇಲ್ಲವೋ ನನಗೆ ಗೊತ್ತಿಲ್ಲ.”

“ಇವತ್ತು ಇದೆಯಲ್ಲ” ಎಂದು ಅವಳು ಎದ್ದಳು, ಎದ್ದವಳು ಆ ಕುರ್ಚಿಯನ್ನೇ ಎಳೆದುಕೊಂಡು ಹೊರಟಳು. ಅದರ ಒಂದು ಗಾಲಿ ಕೆಟ್ಟಿತ್ತು. ಕಚೇರಿಯ ಉದ್ದಕ್ಕೂ ಕೀಚ್ ಕೀಚ್ ಎಂದಿತು, ತಲೆಗಳು ಎದ್ದವು, ಬಣ್ಣ ಎದ್ದೇ ನಿಂತ. ಹೊರಗಿನ ಕೋಣೆಯಲ್ಲಿ ಗೋಡೆಗೆ ತಾಗಿದ ಬೆಂಚಿನ ಮೇಲೆ ಒಬ್ಬ ಹೆಂಗಸು, ಮೊಣಕಾಲ ಮೇಲೆ ಚೀಲವಿಟ್ಟುಕೊಂಡು, ಕೊಟ್ಟ ಹಾಳೆಯಲ್ಲಿನ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಕೂತಿದ್ದಳು. ಗಾಜಿನ ಬಾಗಿಲಾಚೆ ಸೂಪರ್ ಬಂದು ನಿಂತದ್ದು ಕಂಡಿತು; ತಡೆಯಲೋ ಬೇಡವೋ ಎಂದು ಅವನಿನ್ನೂ ನಿರ್ಧರಿಸಿರಲಿಲ್ಲ. ಅವಳು ಕುರ್ಚಿಯನ್ನು ಆ ಹೆಂಗಸಿನ ಎದುರಿಗೆ, ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತಳು. ಹೆಂಗಸು ಗಡಿಬಿಡಿಯಿಂದ ಹಾಳೆ ಮಡಚಿ, “ಒಳಗೆ ಕರೆದ್ರಾ?” ಎಂದಳು.

“ಕರೀತಾರೆ. ಅದಕ್ಕೆ ಮೊದಲು ಒಂದು ಮಾತು. ನಿಮ್ಮನ್ನ ಅಕ್ಕಾ ಅಂತ ಕರೆಯೋರು ಮನೇಲಿ ಯಾರಿದ್ದಾರೆ?”

ಇದೂ ಪರೀಕ್ಷೆಯ ಪ್ರಶ್ನೆಯೆಂದು ಹೆಂಗಸು ಅಂದುಕೊಂಡಿರಬೇಕು. ನೆಟ್ಟಗೆ ಕೂತು, ನಗು ತಂದುಕೊಂಡು, “ತಮ್ಮ ಇದ್ದಾನೆ” ಎಂದಳು. “ಒಬ್ಬನೇ. ಮಹಾ ತರಲೆ.”

“ಅವನ ವಿಷಯ ಹೇಳಿ” ಎಂದು ಅವಳು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. “ನನಗೇನೂ ಅವಸರ ಇಲ್ಲ.”